ತೊಡೆಗೆ ಸೂಜಿ, ನಮ್ಮದೇ ಕೈಯಿಂದ

ಜತ್ತ ತಾಲೂಕಿನ ಉಟಗಿ ಕಡೆಯ ಹಳ್ಳಿಗಳಲ್ಲಿ ಡಾಕ್ಟರ ಮುಂದೆ ಕೂತವರು ಬಹಳ ಸಲ ಒಂದೇ ಮಾತು ಹೇಳುತ್ತಾರೆ: "ಗುಳಗಿ ಬ್ಯಾಡ್ರೀ, ಒಂದು ಸೂಜಿ ಮಾಡಿಬಿಡ್ರಿ." ಗುಳಿಗೆ ಸಣ್ಣ ಔಷಧ, ಸೂಜಿ ಜೋರು ಔಷಧ ಎಂಬ ನಂಬಿಕೆ ಮಹಾರಾಷ್ಟ್ರ-ಕರ್ನಾಟಕ ಗಡಿಯ ಎರಡೂ ಕಡೆ ಒಂದೇ ತೆರನಾಗಿದೆ. ಇಷ್ಟು ಧೈರ್ಯವಾಗಿ ಸೂಜಿ ಕೇಳುವವರಿಗೆ "ಇನ್ನು ಮುಂದೆ ಇದನ್ನು ಮನೆಯಲ್ಲಿ ನೀವೇ ಮಾಡಿಕೊಳ್ಳಿ" ಎಂದು ಡಾಕ್ಟರು ಹೇಳಿದರೆ ಮಾತ್ರ ಕೈ ತಣ್ಣಗಾಗುತ್ತದೆ. ಹಾಗೆ ಕೈ ತಣ್ಣಗಾದವರಿಗಾಗಿ ಈ ಪಾಠ. ಎದುರಿಗೆ ನಿಂತು ತೋರಿಸುವ ಸಿಸ್ಟರ್ ಬದಲಿಗೆ ಇದನ್ನು ಓದಬೇಡಿ. ಅವರು ತೋರಿಸುವ ಮೊದಲು ಒಮ್ಮೆ, ತೋರಿಸಿದ ಮೇಲೆ ಒಮ್ಮೆ ಓದಿ.

ಮನೆಯಲ್ಲಿ ಸ್ನಾಯುವಿಗೆ ಸೂಜಿ ಮಾಡಿಕೊಳ್ಳುವ ಪ್ರಸಂಗ ಯಾರಿಗೆ ಬರುತ್ತದೆ? ನಮ್ಮ ಕಡೆ ಮುಖ್ಯ ಕಾರಣ ಬಿ-12 ಜೀವಸತ್ವದ ಕೊರತೆ. ಪುಣೆಯ ಕೆಇಎಂ ಆಸ್ಪತ್ರೆಯ ಡಾ. ಚಿತ್ತರಂಜನ್ ಯಾಜ್ಞಿಕ್ ಮತ್ತು ಸಂಗಡಿಗರು ಪುಣೆಯಲ್ಲೂ ಸುತ್ತಲಿನ ಹಳ್ಳಿಗಳಲ್ಲೂ 441 ಮಧ್ಯವಯಸ್ಸಿನ ಗಂಡಸರ ರಕ್ತ ಪರೀಕ್ಷಿಸಿ 2006ರಲ್ಲಿ ಫಲಿತಾಂಶ ಪ್ರಕಟಿಸಿದರು. ಅವರಲ್ಲಿ ಶೇಕಡಾ 67 ಜನರಿಗೆ ಬಿ-12 ಕಡಿಮೆ ಇತ್ತು. ಈ ಜೀವಸತ್ವ ಕಾಳು, ಕಾಯಿಪಲ್ಲೆ, ರೊಟ್ಟಿಗಳಲ್ಲಿ ಇಲ್ಲ. ಹಾಲು, ಮೊಸರು, ಮೊಟ್ಟೆ, ಮೀನು, ಮಾಂಸದಲ್ಲಿ ಮಾತ್ರ ಇದೆ. ಶಾಕಾಹಾರಿ ಮನೆಯಲ್ಲಿ ಹಾಲು-ಮೊಸರೇ ಆಧಾರ. ಎಮ್ಮೆ ಕಟ್ಟಿದ ಎಷ್ಟೋ ಮನೆಗಳಲ್ಲಿ ಹಾಲು ಡೇರಿಗೆ ಹೋಗಿ ಚಹಾಕ್ಕೆ ಬೇಕಾದಷ್ಟೇ ಉಳಿಯುತ್ತದೆ. ಸಕ್ಕರೆ ಕಾಯಿಲೆಗೆ ಮೆಟ್‌ಫಾರ್ಮಿನ್ ಗುಳಿಗೆಯನ್ನು ವರ್ಷಗಟ್ಟಲೆ ತೆಗೆದುಕೊಂಡವರಲ್ಲೂ, ವಯಸ್ಸಾಗಿ ಜಠರ ದುರ್ಬಲವಾದವರಲ್ಲೂ ಬಿ-12 ಇಳಿಯುತ್ತದೆ. ಅಂಗಾಲು ಉರಿ, ಕೈಕಾಲು ಜೋಮು, ನಡೆಯುವಾಗ ಸಮತೋಲ ತಪ್ಪುವುದು, ಕಾರಣವಿಲ್ಲದ ದಣಿವು ಈ ಕೊರತೆಯ ಲಕ್ಷಣಗಳು. ಕೊರತೆ ಜೋರಾಗಿದ್ದರೆ ಡಾಕ್ಟರು ಮೊದಲು ಕೆಲವು ಸೂಜಿ ಹತ್ತಿರ ಹತ್ತಿರ ಕೊಟ್ಟು, ಆಮೇಲೆ ವಾರಕ್ಕೊಂದು, ನಂತರ ತಿಂಗಳಿಗೊಂದು ಎಂದು ಅಂತರ ಹೆಚ್ಚಿಸುತ್ತಾರೆ. ಪ್ರತಿ ಸೂಜಿಗೂ ಜತ್ತಕ್ಕೋ, ಮಿರಜಕ್ಕೋ, ಆಚೆ ವಿಜಯಪುರಕ್ಕೋ ಬಸ್ಸು ಹತ್ತಿದರೆ ಒಂದು ದಿನದ ಕೂಲಿ ಹೋಯಿತು. ಮನೆಯಲ್ಲೇ ಮಾಡಿಕೊಳ್ಳುವುದನ್ನು ಕಲಿಸುವುದು ಈ ಕಾರಣಕ್ಕೆ.

ಬೇರೆ ಕಾರಣಗಳೂ ಇವೆ. ಬಂಜೆತನದ ಚಿಕಿತ್ಸೆಯಲ್ಲಿ ಎಣ್ಣೆಯಲ್ಲಿ ಕರಗಿಸಿದ ಪ್ರೊಜೆಸ್ಟರಾನ್, ಗಂಡಸರಿಗೆ ಟೆಸ್ಟೊಸ್ಟೆರಾನ್, ಸಂಧಿವಾತಕ್ಕೆ ವಾರಕ್ಕೊಮ್ಮೆ ಮೆಥೊಟ್ರೆಕ್ಸೇಟ್. ಕೊನೆಯದರ ಬಗ್ಗೆ ಇಲ್ಲೇ ಒಂದು ಎಚ್ಚರಿಕೆ: ಅದು ವಾರಕ್ಕೆ ಒಂದೇ ಸಲ. ತಪ್ಪಿ ದಿನಾ ತೆಗೆದುಕೊಂಡು ಜೀವ ಕಳೆದುಕೊಂಡವರಿದ್ದಾರೆ. ಬಸಿರಿಯರು ಅದನ್ನು ಮುಟ್ಟಲೂಬಾರದು.

ಚುಚ್ಚುವುದನ್ನು ಕಲಿಯುವ ಮುಂಚೆ ಡಾಕ್ಟರಿಗೆ ಕೇಳಬೇಕಾದ ಪ್ರಶ್ನೆಯೊಂದಿದೆ: "ಇದಕ್ಕ ಗುಳಗಿ ನಡೀತದೇನ್ರೀ?" ಊಟದಿಂದ ಬಂದ ಬಿ-12 ಕೊರತೆಗೆ ದೊಡ್ಡ ಪ್ರಮಾಣದ ಗುಳಿಗೆ ಬಹಳ ಜನರಿಗೆ ಸಾಕಾಗುತ್ತದೆ. ನರದ ತೊಂದರೆ ಕಾಣಿಸಿಕೊಂಡವರಿಗೆ, ಕರುಳು-ಜಠರ ಹೀರಿಕೊಳ್ಳದವರಿಗೆ ಸೂಜಿ ಬೇಕು. ಜಗತ್ತಿನಲ್ಲಿ ವರ್ಷಕ್ಕೆ ಸುಮಾರು 1,600 ಕೋಟಿ ಸೂಜಿ ಹಾಕಲಾಗುತ್ತದೆ, ಅದರಲ್ಲಿ ಲಸಿಕೆಯ ಪಾಲು ಶೇಕಡಾ 5 ಮಾತ್ರ ಎಂದು ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕ. ಉಳಿದದ್ದರಲ್ಲಿ ಬೇಡದವೂ ಸಾಕಷ್ಟಿವೆ. ಗುಳಿಗೆ ನಡೆಯುವುದಾದರೆ ಗುಳಿಗೆಯನ್ನೇ ತೆಗೆದುಕೊಳ್ಳಿ. ಸೂಜಿ ಹಾಕಿಸಿಕೊಂಡರೆ ದೊಡ್ಡ ಔಷಧ ತಗೊಂಡ ಹಾಗೆ ಎಂಬುದು ಭ್ರಮೆ.

ಮನೆಯಲ್ಲಿ ಎಂದೂ ಹಾಕಿಕೊಳ್ಳಬಾರದ ಸೂಜಿಗಳೂ ಇವೆ. ಪೆನಿಸಿಲಿನ್ ಮತ್ತಿತರ ಆಂಟಿಬಯಾಟಿಕ್, ನೋವಿಗೆ ಡೈಕ್ಲೊಫೆನಾಕ್, ಸ್ಟೆರಾಯ್ಡ್, ಕಬ್ಬಿಣಾಂಶದ ಸೂಜಿ ಇವೆಲ್ಲ ದವಾಖಾನೆಯಲ್ಲೇ ಆಗಬೇಕು. ಪೆನಿಸಿಲಿನ್ ಕೆಲವರಿಗೆ ನಿಮಿಷಗಳಲ್ಲೇ ಉಸಿರುಕಟ್ಟಿಸುತ್ತದೆ. ಡೈಕ್ಲೊಫೆನಾಕ್ ಸ್ನಾಯುವಿನ ರಕ್ತನಾಳಕ್ಕೆ ಹೊಕ್ಕರೆ ಅಲ್ಲಿಯ ಚರ್ಮ ನೀಲಿಗಟ್ಟಿ, ಸತ್ತು, ಕಳಚಿ ಬೀಳಬಹುದು. 1925ರಲ್ಲಿ ನಿಕೊಲಾವ್ ಎಂಬ ವೈದ್ಯ ಬಿಸ್ಮತ್ ಸೂಜಿಯ ನಂತರ ಕಂಡು ವರ್ಣಿಸಿದ ಈ ಹಾನಿಗೆ ಅವನದೇ ಹೆಸರು ಅಂಟಿಕೊಂಡಿದೆ. ಇನ್ನು, ನಿಮಗೆ ಬರೆದುಕೊಟ್ಟ ಔಷಧವೇ ಆದರೂ ಅದರ ಮೊದಲ ಸೂಜಿ ದವಾಖಾನೆಯಲ್ಲಿ ಆಗಬೇಕು, ಆದ ಮೇಲೆ ಅರ್ಧ ಗಂಟೆ ಅಲ್ಲೇ ಕೂತಿರಬೇಕು. ರಕ್ತ ತೆಳುವಾಗಿಸುವ ಗುಳಿಗೆ ತಿನ್ನುವವರು, ರಕ್ತ ಬೇಗ ಹೆಪ್ಪುಗಟ್ಟದ ಕಾಯಿಲೆಯವರು ಅದನ್ನು ಮೊದಲೇ ಹೇಳಬೇಕು. ಸ್ನಾಯುವಿನೊಳಗೆ ರಕ್ತ ಸೋರಿದರೆ ಹೊರಗೆ ಕಾಣುವುದಿಲ್ಲ.

ಕುರಿ ಸಾಕುವವರಿಗೆ ಒಂದು ಮಾತು ಹೇಳದೆ ಮುಂದೆ ಹೋಗಲಾರೆ. ಮಾಡಗ್ಯಾಳ ಕುರಿಗೆ ಹೆಸರಾದ ಸೀಮೆ ಇದು. ಹಿಂಡಿಗೆ ತಾವೇ ಸೂಜಿ ಹಾಕುವ ಕೈಗಳು ಇಲ್ಲಿ ಬೇಕಾದಷ್ಟಿವೆ. ಆ ಕೈಗೆ ಅಂಜಿಕೆ ಇರುವುದಿಲ್ಲ, ಅದು ಒಳ್ಳೆಯದೇ. ಆದರೆ ಒಂದೇ ಸೂಜಿಯಿಂದ ಹತ್ತು ಕುರಿಗೆ ಚುಚ್ಚಿದ ರೂಢಿ ಮನೆಯೊಳಗೆ ಬರಬಾರದು. ಜಾನುವಾರಿನ ಬಾಟಲಿ, ಜಾನುವಾರಿನ ಸಿರಿಂಜ್ ಮನುಷ್ಯರ ಔಷಧದ ಪಕ್ಕದಲ್ಲೂ ಇರಬಾರದು.

ಒಂದು ಸೂಜಿ ಇಬ್ಬರಿಗೆ ಹೋದರೆ ಏನಾಗುತ್ತದೆ ಎಂಬುದನ್ನು ನಮ್ಮ ದೇಶ ಕಂಡಿದೆ. 2009ರಲ್ಲಿ ಗುಜರಾತಿನ ಮೊಡಾಸಾದಲ್ಲಿ ಹೆಪಟೈಟಿಸ್-ಬಿ ಕಾಮಾಲೆ ಹಬ್ಬಿ ಹಲವರು ಸತ್ತರು. ಬಳಸಿದ ಸಿರಿಂಜುಗಳ ಮರುಬಳಕೆಯೇ ಮೂಲವಾಗಿತ್ತು. 2018ರಲ್ಲಿ ಉತ್ತರ ಪ್ರದೇಶದ ಉನ್ನಾವ್ ಜಿಲ್ಲೆಯ ಬಾಂಗರಮವೂದಲ್ಲಿ ಎಚ್‌ಐವಿ ಹರಡಿದ್ದು ಬೆಳಕಿಗೆ ಬಂದಾಗ, ಮನೆಮನೆಗೆ ತಿರುಗಿ ಒಂದೇ ಸೂಜಿಯಿಂದ ಹಲವರಿಗೆ ಚುಚ್ಚುತ್ತಿದ್ದ ನಕಲಿ ವೈದ್ಯನ ಮೇಲೆ ದೂರು ದಾಖಲಾಯಿತು. 2010ರ ಒಂದೇ ವರ್ಷದಲ್ಲಿ ಅಸುರಕ್ಷಿತ ಸೂಜಿಯಿಂದ ಜಗತ್ತಿನಲ್ಲಿ 17 ಲಕ್ಷದವರೆಗೆ ಜನರಿಗೆ ಹೆಪಟೈಟಿಸ್-ಬಿ, 33,800ರವರೆಗೆ ಜನರಿಗೆ ಎಚ್‌ಐವಿ ತಗುಲಿರಬಹುದು ಎಂದು ವಿಶ್ವ ಆರೋಗ್ಯ ಸಂಸ್ಥೆ ಅಂದಾಜಿಸಿದೆ. ಗಂಡ-ಹೆಂಡತಿ ಇಬ್ಬರಿಗೂ ಬಿ-12 ಸೂಜಿ ಬರೆದಿದ್ದರೂ ಸಿರಿಂಜ್ ಎರಡು ಬೇಕು, ನೀಡಲ್ ಎರಡು ಬೇಕು. ನೀಡಲ್ ಬದಲಿಸಿ ಸಿರಿಂಜ್ ಅದನ್ನೇ ಇಟ್ಟುಕೊಳ್ಳುವುದೂ ತಪ್ಪು. ರಕ್ತದ ಕಣ ಸಿರಿಂಜಿನೊಳಕ್ಕೂ ಹಿಂದೆ ಸರಿದಿರುತ್ತದೆ. ಕುದಿಸಿ ಮತ್ತೆ ಬಳಸುತ್ತಿದ್ದ ಗಾಜಿನ ಸಿರಿಂಜನ್ನು ಹಿರಿಯರು ನೆನೆಯುತ್ತಾರೆ. ಪ್ಲಾಸ್ಟಿಕ್ಕಿನದನ್ನು ಕುದಿಸುವುದಲ್ಲ, ಎಸೆಯುವುದೇ.

ಈಗ ಸಾಮಾನು. ಇನ್ಸುಲಿನ್ ಹಾಕಿಕೊಳ್ಳುವವರು ಮನೆಯಲ್ಲಿದ್ದರೆ ಆ ಸಣ್ಣ ಸಿರಿಂಜನ್ನೇ ತೆಗೆದುಕೊಂಡರಾಯಿತು ಎನ್ನಿಸುತ್ತದೆ. ಅದಾಗದು. ಇನ್ಸುಲಿನ್ ಚರ್ಮದ ಕೆಳಗಿನ ಕೊಬ್ಬಿಗೆ ಹೋಗಬೇಕು, ಸ್ನಾಯುವಿಗೆ ಹೋದರೆ ಬೇಗ ಹೀರಿಕೊಂಡು ಸಕ್ಕರೆ ದಿಢೀರನೆ ಇಳಿಯುತ್ತದೆ. ಅದರ ನೀಡಲ್ ಗಿಡ್ಡ. ಸ್ನಾಯುವಿನ ಸೂಜಿ ಚರ್ಮವನ್ನೂ ಕೊಬ್ಬನ್ನೂ ದಾಟಿ ಮಾಂಸದೊಳಗೆ ಇಳಿಯಬೇಕು. ಅಲ್ಲಿ ರಕ್ತ ಸಂಚಾರ ಚೆನ್ನಾಗಿರುವುದರಿಂದ ಔಷಧ ಬೇಗ ಹರಡುತ್ತದೆ, ಒಂದೆರಡು ಮಿಲಿಲೀಟರ್ ದ್ರವವೂ ಹಿಡಿಯುತ್ತದೆ. ಸಾಧಾರಣ ಮೈಕಟ್ಟಿನ ದೊಡ್ಡವರ ತೊಡೆಗೆ ಒಂದು ಇಂಚಿನ ನೀಡಲ್ ಸಾಕು, ದಪ್ಪ ಮೈಯವರಿಗೆ ಒಂದೂವರೆ ಇಂಚು ಬೇಕಾಗಬಹುದು. ನೀರಿನಂಥ ಔಷಧಕ್ಕೆ 23 ಗೇಜ್, ಎಣ್ಣೆಯ ಔಷಧಕ್ಕೆ 21 ಅಥವಾ 22. ಗೇಜಿನ ಅಂಕಿ ಹೆಚ್ಚಾದಷ್ಟೂ ನೀಡಲ್ ತೆಳು. ನೀಡಲಿನ ಬುಡದ ಬಣ್ಣ ನೋಡಿಯೂ ಗುರುತಿಸಬಹುದು: 21 ಹಸಿರು, 22 ಕಪ್ಪು, 23 ನೀಲಿ. ನಿಮಗೆ ಯಾವುದು ಎಂಬುದನ್ನು ಡಾಕ್ಟರಿಂದಲೇ ಚೀಟಿಯಲ್ಲಿ ಬರೆಸಿಕೊಳ್ಳಿ. ಮೆಡಿಕಲ್ ಅಂಗಡಿಯಲ್ಲಿ "ಯಾವುದಾದರೂ ಕೊಡ್ರಿ" ಎನ್ನಬೇಡಿ.

ಚೀಟಿ, ಪೆಟ್ಟಿಗೆ, ಬುಡ್ಡಿ ಮೂರನ್ನೂ ಹೋಲಿಸಿ ಓದುವ ಅಭ್ಯಾಸಕ್ಕೆ ಎರಡು ನಿಮಿಷ ಬೇಕು. ನಮ್ಮ ಭಾಗದಲ್ಲಿ ಸಿಸ್ಟರ್ ಮರಾಠಿಯಲ್ಲಿ ಹೇಳಿರುತ್ತಾರೆ, ಬುಡ್ಡಿಯ ಮೇಲೆ ಇಂಗ್ಲಿಷ್ ಇರುತ್ತದೆ, ಮನೆಯಲ್ಲಿ ನಾವು ಕನ್ನಡದಲ್ಲಿ ನೆನಪಿಟ್ಟುಕೊಂಡಿರುತ್ತೇವೆ. ದವಾಖಾನೆಯಲ್ಲೇ ಒಂದು ಹಾಳೆಯ ಮೇಲೆ ಔಷಧದ ಹೆಸರು, ಎಷ್ಟು ಮಿಲಿಲೀಟರ್, ಯಾವ ವಾರ, ಸ್ನಾಯುವಿಗೇ ಎಂಬ ನಾಲ್ಕು ಸಂಗತಿಗಳನ್ನು ಕನ್ನಡದಲ್ಲಿ ಬರೆದುಕೊಂಡು ಸಿಸ್ಟರ್‌ಗೆ ಓದಿ ಹೇಳಿ. ಮೈಕ್ರೊಗ್ರಾಮಿಗೂ ಮಿಲಿಲೀಟರಿಗೂ ಗೊಂದಲ ಆಗುವುದು ಸಹಜ. ಮೈಕ್ರೊಗ್ರಾಮ್ ಎಂದರೆ ಔಷಧದ ತೂಕ, ಮಿಲಿಲೀಟರ್ ಎಂದರೆ ಸಿರಿಂಜಿನಲ್ಲಿ ಎಳೆಯುವ ದ್ರವದ ಅಳತೆ. ಡಾಕ್ಟರು 1000 ಮೈಕ್ರೊಗ್ರಾಮ್ ಬರೆದಿದ್ದು, ಬುಡ್ಡಿಯ ಮೇಲೆ ಒಂದು ಮಿಲಿಲೀಟರಿನಲ್ಲಿ 500 ಎಂದಿದ್ದರೆ ಎಳೆಯಬೇಕಾದದ್ದು ಎರಡು ಮಿಲಿಲೀಟರ್. ಕಂಪನಿ ಬದಲಾದಾಗ ಈ ಲೆಕ್ಕವೂ ಬದಲಾಗುತ್ತದೆ. ಆದ್ದರಿಂದ ಹೊಸ ಪೆಟ್ಟಿಗೆ ತಂದಾಗಲೆಲ್ಲ ಮತ್ತೆ ಓದಬೇಕು. ಬಿ-12 ದ್ರವ ಕೆಂಪಗೇ ಇರುತ್ತದೆ, ಅಂಜಬೇಡಿ. ಕಣ ತೇಲುತ್ತಿದ್ದರೆ, ಬುಡ್ಡಿ ಸೀಳಿದ್ದರೆ, ಅವಧಿ ಮುಗಿದಿದ್ದರೆ ಅದನ್ನು ಬಿಡಿ.

ಮೀಥೈಲ್‌ಕೊಬಾಲಮಿನ್ ಎಂಬ ಬಿ-12 ರೂಪಕ್ಕೆ ಬೆಳಕು ಆಗದು. ಕಂದು ಬಣ್ಣದ ಬುಡ್ಡಿಯಲ್ಲಿ ಬರುವುದೂ ಅದಕ್ಕೇ. ಕಿಟಕಿಯ ಕಟ್ಟೆಯ ಮೇಲೆ ಇಡಬೇಡಿ, ಪೆಟ್ಟಿಗೆಯಲ್ಲೇ ಇರಲಿ, ಬುಡ್ಡಿಯಿಂದ ಎಳೆದ ಕೂಡಲೇ ಹಾಕಿಕೊಳ್ಳಿ. ಪೆಟ್ಟಿಗೆಯ ಮೇಲೆ ಎಷ್ಟು ಡಿಗ್ರಿ ಒಳಗೆ ಇಡಬೇಕೆಂದು ಬರೆದಿರುತ್ತದೆ. ಚೈತ್ರ-ವೈಶಾಖದ ಜತ್ತದ ಬಿಸಿಲಿಗೆ ಪತ್ರಾಸಿನ ಮನೆಯೊಳಗೆ ಆ ಮಿತಿ ದಾಟುವುದು ಕಷ್ಟವೇನಲ್ಲ. ಫ್ರಿಜ್ ಇಲ್ಲದವರು ಮಣ್ಣಿನ ಮನೆಯ ತಂಪಾದ ಗೂಡಿನಲ್ಲಿ, ನೀರು ತಾಗದಂತೆ ಡಬ್ಬಿಯಲ್ಲಿಟ್ಟರೆ ಒಳಿತು. ಎರಡರಿಂದ ಎಂಟು ಡಿಗ್ರಿಯಲ್ಲೇ ಇರಬೇಕಾದ ಔಷಧಕ್ಕೆ ಮಾತ್ರ ಫ್ರಿಜ್ ಬೇಕೇ ಬೇಕು. ಅದನ್ನೂ ಹಿಮ ಕಟ್ಟುವ ಖಾನೆಗೆ ತಾಗಿಸಿ ಇಡಬಾರದು.

ಇನ್ನು ಜಾಗ. ಈ ಪಾಠದಲ್ಲಿ ಅತಿ ಮುಖ್ಯ ಭಾಗ ಇದೇ, ಇಲ್ಲಿ ನಿಧಾನಿಸಿ. ದವಾಖಾನೆಯಲ್ಲಿ ಕುಂಡಿಗೆ ಹಾಕಿಸಿಕೊಂಡು ರೂಢಿಯಾದವರು ಮನೆಯಲ್ಲೂ ಅಲ್ಲಿಗೇ ಕೈ ಹಾಕಲು ನೋಡುತ್ತಾರೆ. ಬೇಡ. ಕುಂಡಿಯ ನಡುವಿನಿಂದ ಕೆಳಗೆ ಕಾಲಿಗೆ ಇಳಿಯುವ ದೊಡ್ಡ ನರವೊಂದಿದೆ. ಸೂಜಿ ತಪ್ಪಿ ಅದಕ್ಕೆ ತಾಗಿದರೆ ಪಾದ ಮೇಲೆತ್ತಲು ಬಾರದೆ ಎಳೆದು ನಡೆಯುವ ಸ್ಥಿತಿ ಬರಬಹುದು. ತಿರುಗಿ ನೋಡಿ, ಸೊಂಟ ತಿರುಚಿ, ಕಾಣದ ಜಾಗಕ್ಕೆ ಚುಚ್ಚುವವರಿಗೆ ಈ ಅಪಾಯ ಹೆಚ್ಚು. ರಟ್ಟೆಯ ಸ್ನಾಯು ಸಣ್ಣದು, ಒಂದೇ ಕೈಯಿಂದ ಹಿಡಿದು ಚುಚ್ಚುವುದು ಆಗದು. ಸ್ವಂತಕ್ಕೆ ಚುಚ್ಚಿಕೊಳ್ಳಲು ತೊಡೆಯ ಹೊರಬದಿಯೇ ಸರಿ. ಅಲ್ಲಿ ದೊಡ್ಡ ನರವಿಲ್ಲ, ದೊಡ್ಡ ರಕ್ತನಾಳವಿಲ್ಲ, ಕಣ್ಣೆದುರಿಗೇ ಇರುತ್ತದೆ.

ಕುರ್ಚಿಯ ಮೇಲೋ ಹೊರಸಿನ ಅಂಚಿಗೋ ಕೂತು ಪಾದವನ್ನು ನೆಲಕ್ಕೆ ಊರಿ. ಒಂದು ಬದಿಗೆ ಮಲಗಿದಾಗ ಹಾಸಿಗೆಗೆ ಒತ್ತುವ ಗಟ್ಟಿ ಎಲುಬು ತೊಡೆಯ ಮೇಲುತುದಿಯಲ್ಲಿ ಹೊರಗಡೆ ಇರುತ್ತದಲ್ಲ, ಅದನ್ನು ಕೈಯಿಂದ ಹುಡುಕಿ. ಅದರ ಕೆಳಗೆ ಒಂದು ಅಂಗೈ ಅಗಲ ಬಿಡಿ. ಮೊಣಕಾಲಿನ ಚಿಪ್ಪಿನ ಮೇಲೆ ಒಂದು ಅಂಗೈ ಅಗಲ ಬಿಡಿ. ಉಳಿದ ನಡುಭಾಗ ನಿಮ್ಮ ಜಾಗ. ಆದರೆ ಅದು ತೊಡೆಯ ಮೇಲ್ಮೈ ಪೂರ್ತಿ ಅಲ್ಲ. ಪ್ಯಾಂಟಿನ ಮುಂದಿನ ಇಸ್ತ್ರಿ ಗೆರೆ ಒಂದು ಎಲ್ಲೆ, ಬದಿಯ ಹೊಲಿಗೆ ಇನ್ನೊಂದು ಎಲ್ಲೆ, ಇವೆರಡರ ನಡುವೆ ಚುಚ್ಚಬೇಕು. ಧೋತರ ಉಡುವ ಅಜ್ಜಂದಿರಿಗೆ ಇಸ್ತ್ರಿ ಗೆರೆಯೂ ಇಲ್ಲ, ಹೊಲಿಗೆಯೂ ಇಲ್ಲ. ಅವರು ತೊಡೆಯ ನಡುವಿನಿಂದ ಹೊರಕ್ಕೆ ಮೂರು ಬೆರಳು ಸರಿದರಾಯಿತು. ತೊಡೆಯ ಒಳಬದಿಗೆ ಎಂದೂ ಹೋಗಬೇಡಿ, ದೊಡ್ಡ ರಕ್ತನಾಳ ಇರುವುದು ಆ ಕಡೆ. ಮೊದಲ ಕೆಲವು ಸಲ ಪೆನ್ನಿನಿಂದ ಆ ಚೌಕ ಬರೆದುಕೊಂಡರೂ ನಾಚಿಕೆಪಡಬೇಕಾಗಿಲ್ಲ. ಹಳೇ ಗಾಯ, ಕೆಂಪು, ಗಂಟು ಇರುವಲ್ಲಿ ಚುಚ್ಚಬಾರದು. ಒಂದು ವಾರ ಎಡ ತೊಡೆ, ಮುಂದಿನ ವಾರ ಬಲ ತೊಡೆ ಎಂದು ಗೋಡೆಯ ಕ್ಯಾಲೆಂಡರಿನಲ್ಲಿ ಗುರುತು ಹಾಕಿ. ಪದೇ ಪದೇ ಒಂದೇ ಕಡೆ ಚುಚ್ಚಿದರೆ ಗಂಟು ಕಟ್ಟುತ್ತದೆ.

ಕೈ ತೊಳೆಯುವುದನ್ನು ಎಲ್ಲರೂ ಬಲ್ಲರು, ಹೊತ್ತು ಮಾತ್ರ ಯಾರೂ ಕೊಡುವುದಿಲ್ಲ. ಟ್ಯಾಂಕರ್ ನೀರೇ ಇರಲಿ, ಸೋಪು ಹಚ್ಚಿ ಉಗುರಿನ ಸಂದು, ಹೆಬ್ಬೆರಳಿನ ಬುಡದವರೆಗೆ ತಿಕ್ಕಿ, ಹರಿಯುವಂತೆ ಸುರಿದು ತೊಳೆಯಿರಿ. ಪಾತ್ರೆಯಲ್ಲಿ ಅದ್ದಿ ತೊಳೆದರೆ ಸಾಲದು. ಒಗೆದ ಬಟ್ಟೆಯಿಂದ ಒರೆಸಿ, ಒಣ ಜಾಗದಲ್ಲಿ ಸಾಮಾನು ಹರವಿಕೊಳ್ಳಿ. ಮಕ್ಕಳು, ಬೆಕ್ಕು ಸುಳಿಯದ ಹೊತ್ತು ನೋಡಿಕೊಳ್ಳಿ.

ಸ್ಪಿರಿಟ್ಟಿನಲ್ಲಿ ನೆನೆಸಿಟ್ಟ ಹತ್ತಿಯ ಡಬ್ಬಿಯನ್ನು ನೀವು ದವಾಖಾನೆಗಳಲ್ಲಿ ನೋಡಿರಬಹುದು. ವಿಶ್ವ ಆರೋಗ್ಯ ಸಂಸ್ಥೆ ಅದನ್ನು ಬೇಡ ಎನ್ನುತ್ತದೆ. ಪ್ರತಿ ಸಲ ಬೆರಳದ್ದಿದಾಗ ಸೂಕ್ಷ್ಮಾಣು ಒಳಹೋಗುತ್ತದೆ, ಸ್ಪಿರಿಟ್ಟು ಆರಿ ಬಲಗುಂದುತ್ತದೆ. ಮನೆಯಲ್ಲಿ ಈ ಡಬ್ಬಿ ಮಾಡಿಕೊಳ್ಳಬೇಡಿ. ಒಂದೊಂದಾಗಿ ಪೊಟ್ಟಣದಲ್ಲಿ ಬರುವ ಆಲ್ಕೊಹಾಲ್ ಒರೆಸು ಸಿಗುತ್ತದೆ. ಇಲ್ಲದಿದ್ದರೆ ಒಣಹತ್ತಿಗೆ ಆ ಹೊತ್ತಿಗೆ ಸ್ಪಿರಿಟ್ ಹಾಕಿಕೊಳ್ಳಿ. ನಡುವಿನಿಂದ ಹೊರಕ್ಕೆ ಸುತ್ತುತ್ತಾ 30 ಸೆಕೆಂಡ್ ಒರೆಸಿ, ತಾನಾಗಿ ಆರಲು 30 ಸೆಕೆಂಡ್ ಬಿಡಿ. ಊದಬೇಡಿ. ಹಸಿಯಿರುವಾಗಲೇ ಚುಚ್ಚಿದರೆ ಉರಿಯುವುದು ಸ್ಪಿರಿಟ್ಟೇ, ಔಷಧವಲ್ಲ. "ಸೂಜಿ ಬಾಳ ಉರೀತದ" ಎನ್ನುವವರಲ್ಲಿ ಅರ್ಧ ಜನ ಈ ಅರ್ಧ ನಿಮಿಷ ಕಾಯದವರು ಎಂಬುದು ನನ್ನ ಊಹೆ.

ಗಾಜಿನ ಬುಡ್ಡಿ, ಅಂದರೆ ಆಂಪೂಲ್, ಹೊಸಬರ ಕೈ ಕೊಯ್ಯುವುದುಂಟು. ಮೊದಲು ಕುತ್ತಿಗೆಯ ಮೇಲಿರುವ ದ್ರವ ಕೆಳಗಿಳಿಯುವಂತೆ ಬೆರಳಿನಿಂದ ತಟ್ಟಿ. ಕುತ್ತಿಗೆಯ ಬಳಿ ಒಂದು ಚುಕ್ಕೆ ಇರುತ್ತದೆ. ಚುಕ್ಕೆ ನಿಮ್ಮ ಕಡೆಗೆ ಇರುವಂತೆ ಹಿಡಿದು, ಹತ್ತಿಯನ್ನೋ ಗಾಜ್ ಬಟ್ಟೆಯನ್ನೋ ಕುತ್ತಿಗೆಗೆ ಸುತ್ತಿ, ತಲೆಯನ್ನು ನಿಮ್ಮಿಂದ ಆಚೆಗೆ ಬಾಗಿಸಿ ಮುರಿಯಿರಿ. ಚಾಕುವಿನಿಂದ ಬಡಿಯುವುದು, ಹಲ್ಲಿನಿಂದ ಕಚ್ಚುವುದು ಬೇಡ. ರಬ್ಬರ್ ಮುಚ್ಚಳದ ವೈಯಲ್ ಆದರೆ ಮೇಲಿನ ಪ್ಲಾಸ್ಟಿಕ್ ಬಿಲ್ಲೆ ತೆಗೆದ ಮೇಲೂ ರಬ್ಬರನ್ನು ಸ್ಪಿರಿಟ್ಟಿನಿಂದ ಒರೆಸಬೇಕು. ಎಳೆಯಬೇಕಾದಷ್ಟೇ ಗಾಳಿಯನ್ನು ಮೊದಲು ಸಿರಿಂಜಿಗೆ ಎಳೆದು ವೈಯಲಿನೊಳಕ್ಕೆ ಬಿಟ್ಟರೆ ಔಷಧ ಸಲೀಸಾಗಿ ಬರುತ್ತದೆ. ಒಂದೇ ಸಲದ ವೈಯಲಿನಲ್ಲಿ ಉಳಿದದ್ದನ್ನು ಮುಂದಿನ ವಾರಕ್ಕೆ ಎತ್ತಿಡಬಾರದು, ಎಷ್ಟು ದುಬಾರಿಯಾದರೂ.

ಅಳತೆಯನ್ನು ಓದುವುದು ಪಿಸ್ಟನ್ನಿನ ಕರಿ ರಬ್ಬರಿನ ನೀಡಲ್ ಕಡೆಯ ಅಂಚಿನಲ್ಲಿ, ಹಿಂದಿನ ಅಂಚಿನಲ್ಲಲ್ಲ. ಸಿರಿಂಜನ್ನು ನೆಟ್ಟಗೆ ಹಿಡಿದು ತಟ್ಟಿ, ಗುಳ್ಳೆ ಮೇಲೆ ಬಂದ ಮೇಲೆ ಮೆಲ್ಲನೆ ಒತ್ತಿ ಹೊರಬಿಡಿ. ಸಾಸಿವೆಯಷ್ಟು ಗುಳ್ಳೆ ಉಳಿದರೆ ಜೀವ ಹೋಗುತ್ತದೆ ಎಂಬ ಭಯ ಸಿನಿಮಾ ನೋಡಿ ಬಂದದ್ದು. ಸ್ನಾಯುವಿನಲ್ಲಿ ಅದು ಏನೂ ಮಾಡದು, ದೊಡ್ಡ ಗುಳ್ಳೆಯಿಂದ ಔಷಧದ ಅಳತೆ ಕಡಿಮೆಯಾಗುತ್ತದೆ ಅಷ್ಟೆ. ಎರಡು ನೀಡಲ್ ಇದ್ದರೆ ಎಳೆಯಲು ಒಂದು, ಚುಚ್ಚಲು ಇನ್ನೊಂದು ಇಟ್ಟುಕೊಳ್ಳಿ. ರಬ್ಬರನ್ನು ಚುಚ್ಚಿದ ಮೊನೆ ಮೊಂಡಾಗಿರುತ್ತದೆ.

ಅಂತೂ ಚುಚ್ಚುವ ಕ್ಷಣ. ಕಾಲನ್ನು ಬಿಗಿಹಿಡಿಯಬೇಡಿ, ಬಿಗಿದ ಸ್ನಾಯು ಹೆಚ್ಚು ನೋಯುತ್ತದೆ. ಎಡಗೈಯಿಂದ ಚುಚ್ಚುವ ಜಾಗದ ಚರ್ಮವನ್ನು ಎರಡು-ಮೂರು ಸೆಂಟಿಮೀಟರ್ ಒಂದು ಪಕ್ಕಕ್ಕೆ ಎಳೆದು ಹಿಡಿಯಿರಿ. ಕೊನೆಯಲ್ಲಿ ಬಿಟ್ಟಾಗ ಚರ್ಮ ಜಾಗಕ್ಕೆ ಸರಿದು ಔಷಧ ಬಂದ ದಾರಿ ಮುಚ್ಚಿಹೋಗುತ್ತದೆ, ಹೊರಗೆ ಸೋರುವುದಿಲ್ಲ. ಬಲಗೈಯಲ್ಲಿ ಸಿರಿಂಜನ್ನು ಪೆನ್ನಿನಂತೆ ಹಿಡಿದು, ತೊಡೆಗೆ ನೇರ ಲಂಬವಾಗಿ, ಒಂದೇ ಸಲಕ್ಕೆ ಒಳಗೆ ಬಿಡಿ. ಅಂಜಿಕೆಯಿಂದ ಇಂಚಿಂಚೇ ತಳ್ಳುವವರಿಗೇ ನೋವು ಜಾಸ್ತಿ. ನೋವಿನ ತುದಿಗಳು ಹೆಚ್ಚಿರುವುದು ಚರ್ಮದಲ್ಲಿ, ಅದನ್ನು ಬೇಗ ದಾಟಬೇಕು. ಚುಚ್ಚುವುದು ಚುರುಕಾಗಿ ಆಗಬೇಕು, ಔಷಧ ಬಿಡುವುದು ನಿಧಾನವಾಗಿ ಆಗಬೇಕು: ಒಂದು ಮಿಲಿಲೀಟರಿಗೆ ಸುಮಾರು ಹತ್ತು ಸೆಕೆಂಡ್. ಬಿಟ್ಟಾದ ಮೇಲೆ ಇನ್ನೂ ಹತ್ತು ಎಣಿಸಿ, ನೇರಕ್ಕೆ ಹೊರತೆಗೆದು, ಆಮೇಲೆ ಎಡಗೈ ಬಿಡಿ. ಎಣ್ಣೆಯ ಔಷಧ ಗಟ್ಟಿಯಾಗಿರುತ್ತದೆ. ಬುಡ್ಡಿಯನ್ನು ಮೊದಲೇ ಅಂಗೈಯಲ್ಲಿ ಹಿಡಿದು ಬೆಚ್ಚಗಾಗಿಸಿಕೊಂಡರೆ ತಳ್ಳುವುದು ಹಗುರ. ಒಲೆಯ ಮೇಲೆ ಕಾಯಿಸಬೇಡಿ.

ಚುಚ್ಚಿದ ಮೇಲೆ ಪಿಸ್ಟನ್ ಹಿಂದಕ್ಕೆಳೆದು ರಕ್ತ ಬರುತ್ತದೆಯೇ ಎಂದು ನೋಡಬೇಕೆ ಎಂಬುದರಲ್ಲಿ ಹಳೆಯ ಪಾಠಕ್ಕೂ ಹೊಸ ಪಾಠಕ್ಕೂ ವ್ಯತ್ಯಾಸವಿದೆ. ಲಸಿಕೆಗೆ ಅದು ಬೇಡ ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ತೊಡೆಯ ಹೊರಬದಿಯಲ್ಲಿ ದೊಡ್ಡ ರಕ್ತನಾಳವೇ ಇಲ್ಲವಾದ್ದರಿಂದ ಅಲ್ಲೂ ಅಗತ್ಯವಿಲ್ಲ ಎನ್ನುವವರೇ ಈಗ ಹೆಚ್ಚು. ಕೆಲವು ಔಷಧಗಳಿಗೆ, ಮುಖ್ಯವಾಗಿ ಎಣ್ಣೆಯವಕ್ಕೆ, ನೋಡಿ ಎಂದೇ ಕಲಿಸುತ್ತಾರೆ. ನಿಮಗೆ ಕಲಿಸಿದವರು ಹೇಳಿದಂತೆ ಮಾಡಿ. ಸಿರಿಂಜಿನಲ್ಲಿ ರಕ್ತ ಕಂಡರೆ ಮಾತ್ರ ಹೊರತೆಗೆದು, ಆ ಔಷಧವನ್ನೂ ಸಿರಿಂಜನ್ನೂ ಬಿಟ್ಟು, ಹೊಸದಾಗಿ ಶುರುಮಾಡಬೇಕು.

ಒಂದು ಹನಿ ರಕ್ತ ಬಂದರೆ ಒಣಹತ್ತಿಯಿಂದ ಒತ್ತಿ ಹಿಡಿಯಿರಿ. ತಿಕ್ಕಬೇಡಿ. "ತಿಕ್ಕಿದ್ರ ಔಷಧ ಹರಡ್ತದ" ಎಂದು ಹಿರಿಯರು ಹೇಳುತ್ತಾರೆ. ತಿಕ್ಕಿದರೆ ಔಷಧ ಕೊಬ್ಬಿಗೆ ಸೋರಿ ಅಲ್ಲಿ ಕೆರಳಿಸುತ್ತದೆ. ಎದ್ದು ನಾಲ್ಕು ಹೆಜ್ಜೆ ನಡೆದಾಡಿದರೆ ಸಾಕು. ಆದರೆ ತಕ್ಷಣ ಏಳಬೇಡಿ, ಸೂಜಿ ಕಂಡರೆ ತಲೆ ತಿರುಗುವವರು ಐದು ನಿಮಿಷ ಹೊರಸಿನ ಮೇಲೆ ಒರಗಿರಿ. ಮೊದಲ ಕೆಲವು ಸಲ ಮನೆಯಲ್ಲಿ ಇನ್ನೊಬ್ಬರು ಇರಲಿ, ಹೊಲದಲ್ಲಿ ಒಬ್ಬರೇ ಇರುವಾಗ ಬೇಡ.

ಒಂದೆರಡು ದಿನ ಸಣ್ಣ ನೋವು, ರೂಪಾಯಿ ಬಿಲ್ಲೆಯಷ್ಟು ಕಂದು ಕಲೆ ಸಹಜ. ಕೆಂಪು ದಿನದಿನಕ್ಕೆ ಹರಡಿ, ಬಿಸಿಯಾಗಿ, ಬಾತು, ಜ್ವರ ಬಂದರೆ ಒಳಗೆ ಕೀವು ಕಟ್ಟುತ್ತಿದೆ ಎಂದು ತಿಳಿದು ದವಾಖಾನೆಗೆ ಹೋಗಿ. ಅರಿಶಿನ ಮೆತ್ತಿ ಕಾಯಬೇಡಿ. ಚುಚ್ಚಿದಾಗಲೇ ಮಿಂಚಿನಂತೆ ನೋವು ಕಾಲುದ್ದಕ್ಕೂ ಹರಿದರೆ ಅಲ್ಲೇ ನಿಲ್ಲಿಸಿ ಹೊರತೆಗೆಯಿರಿ. ಮೈಮೇಲೆ ದದ್ದು, ತುಟಿ-ನಾಲಗೆ ಊತ, ಉಸಿರು ಕಟ್ಟುವುದು, ಕಣ್ಣು ಕತ್ತಲೆ ಇವುಗಳಲ್ಲಿ ಯಾವುದು ಬಂದರೂ 108ಕ್ಕೆ ಕರೆ ಮಾಡಿ, ಮಲಗಿ ಕಾಲು ಎತ್ತರಕ್ಕಿಡಿ. ಉಸಿರಾಟ ಕಷ್ಟವಾದರೆ ಒರಗಿ ಕೂತಿರಿ. ಬುಡ್ಡಿಯನ್ನು ಎಸೆಯದೆ ಜೊತೆಗೆ ಒಯ್ಯಿರಿ, ಡಾಕ್ಟರು ನೋಡಬೇಕಾಗುತ್ತದೆ.

ಬಳಸಿದ ನೀಡಲಿಗೆ ಮುಚ್ಚಳ ಮತ್ತೆ ಹಾಕಲು ಹೋದಾಗಲೇ ಬೆರಳಿಗೆ ಚುಚ್ಚಿಕೊಳ್ಳುವುದು ಹೆಚ್ಚು. ಮುಚ್ಚಳ ಹಾಕದೆ, ನೀಡಲ್ ಬಗ್ಗಿಸದೆ, ಸಿರಿಂಜ್ ಸಮೇತ ಗಟ್ಟಿ ಪ್ಲಾಸ್ಟಿಕ್ ಡಬ್ಬಿಗೆ ಹಾಕಿ. ಫಿನಾಯಿಲ್ ಬಾಟಲಿ, ದಪ್ಪ ಎಣ್ಣೆ ಕ್ಯಾನ್ ನಡೆಯುತ್ತದೆ, ನೀರಿನ ತೆಳು ಬಾಟಲಿ ನಡೆಯದು. ಒಡೆದ ಆಂಪೂಲೂ ಅದರೊಳಕ್ಕೇ. ಡಬ್ಬಿಯ ಮೇಲೆ "ಸೂಜಿ, ಮುಟ್ಟಬೇಡಿ" ಎಂದು ಕನ್ನಡದಲ್ಲೂ ಮರಾಠಿಯಲ್ಲೂ ಬರೆದು ಮಕ್ಕಳ ಕೈಗೆ ಎಟುಕದ ಕಡೆ ಇಡಿ. ಬೇರೆಯವರಿಗೆ ಬಳಸಿದ ಸೂಜಿ ನಿಮಗೆ ಚುಚ್ಚಿದರೆ ಹಿಂಡಬೇಡಿ, ಸೋಪುನೀರಿನಿಂದ ಚೆನ್ನಾಗಿ ತೊಳೆದು ಅದೇ ದಿನ ಸರಕಾರಿ ದವಾಖಾನೆಗೆ ಹೋಗಿ. ಎಚ್‌ಐವಿ ತಡೆಯುವ ಗುಳಿಗೆ 72 ಗಂಟೆಯೊಳಗೆ ಶುರುವಾಗಬೇಕು, ಬೇಗ ಆದಷ್ಟೂ ಒಳ್ಳೆಯದು.

ಇಲ್ಲಿ ಹಳ್ಳಿಯ ಒಂದು ತೊಡಕಿದೆ. ಊರಲ್ಲಿ ಕಸ ಎಂದರೆ ತಿಪ್ಪೆ. ತಿಪ್ಪೆಯ ಗೊಬ್ಬರ ಮಳೆಗಾಲಕ್ಕೆ ಮುಂಚೆ ಜೋಳದ ಹೊಲಕ್ಕೆ, ದ್ರಾಕ್ಷಿ-ದಾಳಿಂಬೆ ತೋಟಕ್ಕೆ ಹೋಗುತ್ತದೆ. ಅಲ್ಲಿ ಕಳೆ ಕೀಳುವ ಹೆಣ್ಣುಮಕ್ಕಳು ಬರಿಗೈಯಲ್ಲಿ, ಬರಿಗಾಲಲ್ಲಿ ಇರುತ್ತಾರೆ. ತಿಪ್ಪೆಗೆ ಎಸೆದ ಒಂದು ನೀಡಲ್ ಆರು ತಿಂಗಳ ನಂತರ ಯಾರ ಅಂಗಾಲಿಗೆ ಸಿಗುತ್ತದೋ ಹೇಳಲಾಗದು. ಸುಟ್ಟರೆ ಪ್ಲಾಸ್ಟಿಕ್ ಕರಗುತ್ತದೆ, ಉಕ್ಕಿನ ಮೊನೆ ಹಾಗೇ ಉಳಿಯುತ್ತದೆ. 2016ರ ಘನತ್ಯಾಜ್ಯ ನಿಯಮಗಳು ಮನೆಯಲ್ಲಿ ಬಳಸಿದ ಸೂಜಿ-ಸಿರಿಂಜುಗಳನ್ನು ಮನೆಯ ಅಪಾಯಕಾರಿ ಕಸವೆಂದು ಬೇರೆಯಾಗಿಯೇ ಎಣಿಸಿದವು. ಅದಕ್ಕೆ ಬೇರೆ ಗಾಡಿ ಹಳ್ಳಿಗೆ ಬರುವುದು ಎಂದೋ. ಅಲ್ಲಿಯವರೆಗೆ ಡಬ್ಬಿ ಮುಕ್ಕಾಲು ತುಂಬಿದಾಗ ಮುಚ್ಚಳ ಬಿಗಿದು ಟೇಪ್ ಸುತ್ತಿ, ಮುಂದಿನ ಔಷಧಚೀಟಿಗೆ ಹೋಗುವ ದಿನವೇ ಕೈಚೀಲದಲ್ಲಿ ಹಾಕಿಕೊಂಡು ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೋ ಜತ್ತದ ಗ್ರಾಮೀಣ ಆಸ್ಪತ್ರೆಗೋ ಒಯ್ಯಿರಿ. ಅವರ ಸೂಜಿ ಕಸಕ್ಕೆ ಹೇಗೂ ಬೇರೆ ವ್ಯವಸ್ಥೆ ಇರಲೇಬೇಕು. ಕೊಂಡುಹೋಗುವ ಮೊದಲು ಊರಿನ ಆಶಾ ಅಕ್ಕನಿಗೆ ಹೇಳಿ, ಯಾವ ದಿನ ಯಾರ ಕೈಗೆ ಕೊಡಬೇಕು ಎಂದು ಕೇಳಿಕೊಂಡರೆ ಬಾಗಿಲಿಂದ ವಾಪಸ್ ಬರುವ ಪ್ರಸಂಗ ತಪ್ಪುತ್ತದೆ.